ಹೆಸರಲ್ಲಿ ಒಆರ್‌ಎಸ್, ಪ್ಯಾಕಿನಲ್ಲಿ ಬೇರೆ: ಗೊಂದಲ ಗೊತ್ತಿದ್ದರೂ ಕಂಪನಿಗಳು ಹೆಸರು ಬಿಡುವುದಿಲ್ಲ ಯಾಕೆ?

2025ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂತು. ಆಹಾರ ಸುರಕ್ಷತಾ ಪ್ರಾಧಿಕಾರ ‘ಒಆರ್‌ಎಸ್’ ಹೆಸರಿನ ಪಾನೀಯಗಳಿಗೆ ತಡೆ ಹಾಕಿದೆ ಅಂತ. ಓದಿದ ಕೆಲವರಿಗೆ ಗಾಬರಿಯಾಯಿತು. ಮಗುವಿಗೆ ಭೇದಿಯಾದಾಗ ಡಾಕ್ಟರು ಮೊದಲು ಹೇಳುವುದೇ ಒಆರ್‌ಎಸ್ ಅಲ್ವಾ, ಅದನ್ನೇ ನಿಲ್ಲಿಸಿದರೆ ಹೇಗೆ? ಇನ್ನು ಕೆಲವರಿಗೆ ಬೇರೆ ಪ್ರಶ್ನೆ. ಇಷ್ಟು ವರ್ಷ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕುಡಿಸಿದ್ದು ಒಆರ್‌ಎಸ್ ಅಲ್ಲದಿದ್ದರೆ ಮತ್ತೇನು?

ಮೊದಲ ಗಾಬರಿಗೆ ಕಾರಣವಿಲ್ಲ. ಒಆರ್‌ಎಸ್, ಅಂದರೆ ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸ್ ಬೆರೆತ ಔಷಧದ ಪುಡಿ, ಬ್ಯಾನ್ ಆಗಿಲ್ಲ. ಒಆರ್‌ಎಸ್ ಅಲ್ಲದ ಪಾನೀಯಗಳು ಆ ಹೆಸರನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ ತಡೆ ಬಿದ್ದಿದೆ. ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ಕಂಪನಿಗಳಿಗೆ ಗೊತ್ತಿತ್ತು. ಪ್ರಾಧಿಕಾರಕ್ಕೂ ಗೊತ್ತಿತ್ತು. ಆದರೂ ಆ ಹೆಸರುಗಳು ವರ್ಷಗಟ್ಟಲೆ ಹೇಗೆ ಉಳಿದವು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಆದೇಶದ ಹಿಂದೆ ಮುಂದೆ

ಈ ಜಗಳದ ಮುಂಚೂಣಿಯಲ್ಲಿದ್ದವರು ಹೈದರಾಬಾದಿನ ಶಿಶುವೈದ್ಯೆ ಡಾ. ಶಿವರಂಜನಿ ಸಂತೋಷ್. ಒಆರ್‌ಎಸ್ ಎಂದು ನಂಬಿ ಸಿಹಿ ಪಾನೀಯ ಕುಡಿಸಿದ ಮೇಲೆ ಮಕ್ಕಳ ಭೇದಿ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದೆ ಎಂದು ಅವರು ಸುಮಾರು ಎಂಟು ವರ್ಷ ಹೇಳುತ್ತಲೇ ಬಂದರು. ತೆಲಂಗಾಣ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು.

2022ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಇಂಥ ಪಾನೀಯಗಳನ್ನು ಒಆರ್‌ಎಸ್ ಥರ ಬಿಂಬಿಸಬಾರದು ಎಂದಿತು. ಮೂರು ತಿಂಗಳಾಗಿತ್ತಷ್ಟೆ, ನಿಲುವು ಸಡಿಲವಾಯಿತು. ಹಿಂದೆ ಮುಂದೆ ಬೇರೆ ಅಕ್ಷರ ಸೇರಿಸಿದ ಟ್ರೇಡ್‌ಮಾರ್ಕ್ ಆದರೆ ‘ಒಆರ್‌ಎಸ್’ ಬಳಸಬಹುದು, ಆದರೆ ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಆರ್‌ಎಸ್ ಅಲ್ಲ’ ಎಂದು ಪ್ಯಾಕಿನ ಮೇಲೆ ಬರೆಯಬೇಕು ಎಂದು 2022ರ ಜುಲೈ 14ರ ಆದೇಶ ಹೇಳಿತು. 2024ರ ಫೆಬ್ರವರಿ 2ರಂದು ಇನ್ನೊಂದು ಆದೇಶ ಬಂತು. ಅನುಮತಿ ಮುಂದುವರಿಯಿತು.

2025ರ ಅಕ್ಟೋಬರ್ 14ರಂದು ಈ ಎರಡೂ ಅನುಮತಿಗಳು ಹೋದವು. ಹಣ್ಣಿನ ಪಾನೀಯವಾಗಲಿ, ಕುಡಿಯಲು ಸಿದ್ಧವಾದ ಬೇರೆ ಯಾವುದೇ ಪಾನೀಯವಾಗಲಿ, ಹೆಸರಿನಲ್ಲಿ ‘ಒಆರ್‌ಎಸ್’ ಇರಬಾರದು. ಹಿಂದೆ ಮುಂದೆ ಏನು ಸೇರಿಸಿದರೂ ಇರಬಾರದು. ಮಾರನೇ ದಿನ ಒಂದು ಸ್ಪಷ್ಟೀಕರಣವೂ ಬಂತು.

ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ‘ಒಆರ್‌ಎಸ್ಎಲ್’ ಎಂಬ ಪಾನೀಯ ಮಾರುತ್ತಿದ್ದ ಜೆಎನ್‌ಟಿಎಲ್ ಕನ್ಸ್ಯೂಮರ್ ಹೆಲ್ತ್‌ಗೆ ಆಗಲೇ ಸಿದ್ಧವಿದ್ದ ಸ್ಟಾಕ್‌ನ ಮಟ್ಟಿಗೆ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಕಂಪನಿಯ ಅಹವಾಲು ಕೇಳಿ ತೀರ್ಮಾನಿಸಿ ಎಂದು ಕೋರ್ಟು ಪ್ರಾಧಿಕಾರಕ್ಕೆ ಹೇಳಿತು. ಪ್ರಾಧಿಕಾರ ಕೇಳಿತು, ಅಕ್ಟೋಬರ್ 30ರಂದು ಆಗುವುದಿಲ್ಲ ಎಂದಿತು. ಮಾರನೇ ದಿನ ಡಾ. ರೆಡ್ಡೀಸ್ ಕಂಪನಿಯ ಇಂಥದ್ದೇ ಅರ್ಜಿಗೂ ಹೈಕೋರ್ಟು ಒಪ್ಪಲಿಲ್ಲ. ವಿಷಯ ಸಾರ್ವಜನಿಕ ಆರೋಗ್ಯದ್ದು ಎಂಬುದು ಮುಖ್ಯ ಕಾರಣ.

ಈ ಮೂರು ಅಕ್ಷರಕ್ಕೆ ಇಷ್ಟು ನಂಬಿಕೆ ಬಂದಿದ್ದು ಎಲ್ಲಿಂದ

1971. ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ತುಂಬಿಹೋಗಿತ್ತು. ಕಾಲರಾ ಹಬ್ಬಿತ್ತು. ಸಲೈನ್ ಬಾಟಲಿಗಳು ಸಾಲುತ್ತಿರಲಿಲ್ಲ, ಸೂಜಿ ಚುಚ್ಚಲು ಗೊತ್ತಿದ್ದ ಕೈಗಳೂ ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಲನೋಬಿಸ್ ಮತ್ತು ಅವರ ತಂಡ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸುವ ನಿರ್ಧಾರ ಮಾಡಿತು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರೇ ಮಾಡಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಇಳಿಯಿತು. ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಇರಬಹುದು ಎಂದು 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯ ಬರೆಯಿತು. ಮಹಲನೋಬಿಸ್ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂದಿದ್ದು 2023ರಲ್ಲಿ.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದನ್ನು ಪ್ರಪಂಚದ ತುಂಬ ಹಂಚಿದವು. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದುಕೊಟ್ಟರು. ಗೋಡೆ ಬರಹ, ರೇಡಿಯೋ, ಟಿವಿ, ಶಾಲೆಯ ಪಾಠ, ಎಲ್ಲ ಕಡೆ ಅದೇ ಮೂರು ಅಕ್ಷರ. ಓದು ಬರಹ ಬಾರದ ಅಜ್ಜಿಗೂ ‘ಒಆರ್‌ಎಸ್’ ಗೊತ್ತು. ಇಂಥ ಪರಿಚಯವನ್ನು ದುಡ್ಡು ಕೊಟ್ಟು ಕೊಳ್ಳಲು ಹೊರಟರೆ ಯಾವ ಕಂಪನಿಯ ಜಾಹೀರಾತು ಬಜೆಟ್ಟೂ ಸಾಲದು.

ಇಲ್ಲೇ ಈ ಕಥೆಯ ತಿರುಳಿದೆ. ನಂಬಿಕೆ ಬೆಳೆಸಿದ್ದು ಸರ್ಕಾರಿ ದುಡ್ಡು ಮತ್ತು ವೈದ್ಯರ ಮಾತು. ಹೆಸರಿಗೆ ಮಾಲೀಕರು ಯಾರೂ ಇರಲಿಲ್ಲ. ಇರಬಾರದು ಕೂಡ, ಯಾಕೆಂದರೆ ಅದು ಒಂದು ಔಷಧದ ಸಾಮಾನ್ಯ ಹೆಸರು. ಆದರೆ ಮಾಲೀಕರಿಲ್ಲದ ಹೆಸರನ್ನು ಯಾರಾದರೂ ತಮ್ಮ ಪ್ಯಾಕಿಗೆ ಅಂಟಿಸಿಕೊಂಡರೆ ಕೋರ್ಟಿಗೆ ಹೋಗುವವರು ಯಾರು?

ಸಕ್ಕರೆ ಜಾಸ್ತಿಯಾದರೆ ಆಗುವುದೇನು

ಸಕ್ಕರೆ ಒಆರ್‌ಎಸ್‌ನಲ್ಲೂ ಇದೆ, ಜ್ಯೂಸಿನಲ್ಲೂ ಇದೆ, ಹಾಗಾದರೆ ಈ ಗದ್ದಲ ಯಾಕೆ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇರುವುದು ಅಳತೆಯಲ್ಲಿ.

ಕರುಳಿನ ಒಳಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುವ ದಾರಿಯೊಂದಿದೆ. ಅವು ಒಳಗೆ ಹೋದರೆ ನೀರೂ ಜೊತೆಗೆ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ಕೆಲಸ ಮಾಡುತ್ತಿರುತ್ತದೆ. ಒಆರ್‌ಎಸ್ ನಿಂತಿರುವುದೇ ಇದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಮೊದಲಿದ್ದ ಸೂತ್ರ ಸ್ವಲ್ಪ ಗಟ್ಟಿ ಇತ್ತು. ಅದನ್ನು ತೆಳುವಾಗಿಸಿದರೆ ಮಕ್ಕಳಿಗೆ ಇನ್ನೂ ಒಳ್ಳೆಯದು ಎಂದು ಗೊತ್ತಾದ ಮೇಲೆ 2000ದ ದಶಕದ ಶುರುವಿನಲ್ಲಿ ಬದಲಾಯಿಸಿದರು. ಅಂದರೆ ತಜ್ಞರು ಕೆಲವೇ ಗ್ರಾಂ ಸಕ್ಕರೆಗೂ ತಲೆ ಕೆಡಿಸಿಕೊಂಡಿದ್ದರು.

ಈಗ ಇನ್ನೊಂದು ಕಡೆ ನೋಡಿ. ಅಭಿಯಾನ ನಡೆಸಿದ ವೈದ್ಯೆ ಮುಂದಿಟ್ಟ ಲೆಕ್ಕದ ಪ್ರಕಾರ ಒಆರ್‌ಎಸ್ ಹೆಸರು ಹೊತ್ತ ಟೆಟ್ರಾ ಪ್ಯಾಕ್ ಪಾನೀಯಗಳಲ್ಲಿ ಲೀಟರಿಗೆ 120 ಗ್ರಾಂ ಹತ್ತಿರದ ಸಕ್ಕರೆ ಇತ್ತು. ಸುಮಾರು ಒಂಬತ್ತು ಪಟ್ಟು. ಇಷ್ಟು ಸಿಹಿಯಾದ ದ್ರವ ಕರುಳಿಗೆ ಇಳಿದರೆ ನೀರಿನ ಹರಿವು ತಿರುಗುಮುರುಗಾಗುತ್ತದೆ. ಸಕ್ಕರೆಯನ್ನು ತೆಳುವಾಗಿಸಲು ದೇಹದ ನೀರೇ ಕರುಳಿನೊಳಗೆ ಬರುತ್ತದೆ. ಭೇದಿ ಹೆಚ್ಚುತ್ತದೆ. ಭೇದಿಯಾದ ಮಕ್ಕಳಿಗೆ ತಂಪು ಪಾನೀಯ, ಸಿಹಿ ಜ್ಯೂಸ್ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ.

ಆರೋಗ್ಯವಾಗಿರುವವರು ಬಿಸಿಲಿನಲ್ಲಿ ಸುಸ್ತಾಗಿ ಅದೇ ಪ್ಯಾಕ್ ಕುಡಿದರೆ ದೊಡ್ಡ ಅಪಾಯವೇನಿಲ್ಲ, ಸಿಹಿ ಪಾನೀಯ ಕುಡಿದಂತಾಯಿತು ಅಷ್ಟೆ. ಆದರೆ ಮೆಡಿಕಲ್ ಶಾಪಿನಲ್ಲಿ ‘ಅಣ್ಣಾ, ಒಂದು ಒಆರ್‌ಎಸ್ ಕೊಡಿ’ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಯಾರಿಗೋ ಹುಷಾರಿಲ್ಲ. ಭೇದಿಯಿಂದ ಪ್ರಪಂಚದಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಇದು ಬಿಸ್ಕತ್ತಿನ ಹೆಸರಿನ ಜಗಳದಂಥದ್ದಲ್ಲ.

ಹೆಸರಿನ ಬೆಲೆ

ಒಆರ್‌ಎಸ್ಎಲ್ ಬ್ರ್ಯಾಂಡ್ ಮೊದಲು ಬೆಂಗಳೂರಿನ ಜಗದಾಳೆ ಇಂಡಸ್ಟ್ರೀಸ್‌ನದು. 2014ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಅದನ್ನು ಕೊಂಡಿತು. 2023ರಲ್ಲಿ ಆ ಕಂಪನಿಯ ಗ್ರಾಹಕ ಸರಕುಗಳ ವಿಭಾಗ ಬೇರೆಯಾಗಿ ಕೆನ್‌ವ್ಯೂ ಎಂಬ ಹೊಸ ಕಂಪನಿಯಾಯಿತು. ಕೋರ್ಟಿಗೆ ಹೋದ ಜೆಎನ್‌ಟಿಎಲ್ ಇದರದೇ ಭಾರತದ ಕಂಪನಿ. ಮಾಲೀಕರು ಬದಲಾದರು, ಹೆಸರು ಹಾಗೇ ಉಳಿಯಿತು. ಬ್ರ್ಯಾಂಡ್ ಕೊಳ್ಳುವವರು ಮುಖ್ಯವಾಗಿ ದುಡ್ಡು ಕೊಡುವುದು ಹೆಸರಿಗೆ. ಸೂತ್ರವನ್ನು ಯಾವ ಆಹಾರ ತಂತ್ರಜ್ಞರಾದರೂ ಮಾಡಿಕೊಟ್ಟಾರು.

ಹೆಸರಿಗೆ ಎಷ್ಟು ಬೆಲೆ ಕಟ್ಟುತ್ತಾರೆ ಎಂದು ತಿಳಿಯಲು ಹಾರ್ಲಿಕ್ಸ್ ನೋಡಬಹುದು. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಜಿಎಸ್‌ಕೆಯ ಭಾರತದ ಗ್ರಾಹಕ ವ್ಯವಹಾರವನ್ನು ತನ್ನೊಳಗೆ ಸೇರಿಸಿಕೊಂಡಿತು. ಆಗ ಹಾರ್ಲಿಕ್ಸ್ ಎಂಬ ಹೆಸರಿನ ಭಾರತದ ಹಕ್ಕಿಗೆ ಅಂತಲೇ ಬೇರೆಯಾಗಿ ಸುಮಾರು 3,045 ಕೋಟಿ ರೂಪಾಯಿ ಕೊಟ್ಟಿತು. ಕಾರ್ಖಾನೆಗಲ್ಲ, ಯಂತ್ರಕ್ಕಲ್ಲ.

ಇದನ್ನು ಆಹಾರ ಕಾನೂನಿನ ದಂಡದ ಪಕ್ಕ ಇಟ್ಟು ನೋಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ತಪ್ಪು ಲೇಬಲ್ ಹಾಕಿದರೆ ಹೆಚ್ಚೆಂದರೆ 3 ಲಕ್ಷ ರೂಪಾಯಿ ದಂಡ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ. ದಂಡ ಲಕ್ಷಗಳಲ್ಲಿ, ಹೆಸರಿನ ಬೆಲೆ ಕೋಟಿಗಳಲ್ಲಿ. ಕಂಪನಿಯ ಲೆಕ್ಕ ವಿಭಾಗದಲ್ಲಿ ಕೂತವರಿಗೆ ಈ ಗಣಿತ ಕಷ್ಟವೇನಲ್ಲ.

ಬದಲಾಯಿಸುವ ಖರ್ಚು ಪ್ಯಾಕಿನ ಮೇಲಿನ ಮುದ್ರಣಕ್ಕೆ ಮುಗಿಯುವುದಿಲ್ಲ. ಸಗಟು ವ್ಯಾಪಾರಿಯ ಪಟ್ಟಿ, ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್, ಡಾಕ್ಟರ ಚೀಟಿ, ಆನ್‌ಲೈನ್ ಹುಡುಕಾಟ, ಕೊಳ್ಳುವವರ ನಾಲಿಗೆ, ಇಷ್ಟೂ ಕಡೆ ಹಳೆ ಹೆಸರು ಕೂತಿರುತ್ತದೆ. ಹೊಸ ಹೆಸರು ಇಟ್ಟರೆ ಅಷ್ಟೂ ಕಡೆ ಶೂನ್ಯದಿಂದ ಶುರು.

ಇನ್ನೊಂದು ತೊಡಕೂ ಇದೆ. ಒಂದು ಕಂಪನಿ ಪ್ರಾಮಾಣಿಕವಾಗಿ ತಾನೇ ಮುಂದೆ ಬಂದು ‘ಒಆರ್‌ಎಸ್’ ಅಕ್ಷರ ಕೈಬಿಟ್ಟಿತು ಅಂದುಕೊಳ್ಳಿ. ಪಕ್ಕದ ಕಂಪನಿ ಬಿಡದಿದ್ದರೆ? ಅಂಗಡಿಗೆ ಬಂದು ಒಆರ್‌ಎಸ್ ಕೇಳುವವರೆಲ್ಲ ಪಕ್ಕದ ಪ್ಯಾಕಿಗೆ ಹೋಗುತ್ತಾರೆ. ಒಳ್ಳೆಯ ಕೆಲಸ ಮಾಡಿದವರಿಗೆ ನಷ್ಟ, ಸುಮ್ನೆ ಇದ್ದವರಿಗೆ ಲಾಭ. ಹಾಗಾಗಿ ಯಾರೂ ಮೊದಲು ಬಿಡುವುದಿಲ್ಲ. ಎಲ್ಲರಿಗೂ ಒಂದೇ ದಿನ ಅನ್ವಯವಾಗುವ ನಿಯಮ ಬಂದರೆ ಮಾತ್ರ ಈ ಗಂಟು ಬಿಚ್ಚುತ್ತದೆ. ಸ್ವಯಂ ನಿಯಂತ್ರಣದ ಮಾತು ಇಂಥ ಕಡೆ ಕೆಲಸ ಮಾಡದಿರುವುದಕ್ಕೆ ಕಂಪನಿಗಳು ಕೆಟ್ಟವು ಎಂಬುದೇ ಕಾರಣ ಆಗಬೇಕಿಲ್ಲ.

ಸಣ್ಣಕ್ಷರದ ಎಚ್ಚರಿಕೆ

2022ರ ಜುಲೈನಿಂದ 2025ರ ಅಕ್ಟೋಬರ್‌ವರೆಗೆ ಪ್ರಾಧಿಕಾರ ನಂಬಿದ್ದು ಪ್ಯಾಕಿನ ಮೇಲಿನ ಒಂದು ಸಾಲನ್ನು. ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಒಆರ್‌ಎಸ್ ಅಲ್ಲ’ ಎಂಬ ಸಾಲು. ಕಾಗದದ ಮೇಲೆ ಇದು ಸರಿಯಾದ ಮಧ್ಯದ ದಾರಿಯಂತೆ ಕಾಣುತ್ತದೆ. ಕಂಪನಿಗೆ ಹೆಸರು ಉಳಿಯಿತು, ಗ್ರಾಹಕರಿಗೆ ಮಾಹಿತಿ ಸಿಕ್ಕಿತು. ಆದರೆ ವ್ಯಾಪಾರ ನಡೆಯುವ ರೀತಿ ಬೇರೆ.

ಔಷಧದ ಅಂಗಡಿಯಲ್ಲಿ ನಾವು ಕಪಾಟಿನಿಂದ ಎತ್ತಿಕೊಂಡು ಲೇಬಲ್ ಓದಿ ಆರಿಸುವುದಿಲ್ಲ. ಬಾಯಲ್ಲಿ ಹೇಳುತ್ತೇವೆ. ಆ ಕಡೆಯವರು ಕಿವಿಯಲ್ಲಿ ಕೇಳಿ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಹೆಸರು ಕಿವಿಗೆ ಬೀಳುತ್ತದೆ, ಎಚ್ಚರಿಕೆಯ ಸಾಲು ಕಿವಿಗೆ ಬೀಳುವುದಿಲ್ಲ. ಆ ಸಾಲು ಇದ್ದಿದ್ದು ಇಂಗ್ಲಿಷಿನಲ್ಲಿ ಎಂಬುದನ್ನೂ ಸೇರಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ವಾಂತಿ ಮಾಡುತ್ತಿರುವ ಮಗುವನ್ನು ಮನೆಯಲ್ಲಿ ಬಿಟ್ಟು ಓಡಿಬಂದ ಅಪ್ಪ ಕೌಂಟರಿನ ಮುಂದೆ ನಿಂತು ಸಣ್ಣಕ್ಷರ ಓದಲಿ ಎಂದು ನಿರೀಕ್ಷಿಸಿದವರು ಆ ಕೌಂಟರನ್ನು ನೋಡಿದಂತಿಲ್ಲ.

ಅಂಗಡಿಯವರ ಕಡೆಯಿಂದಲೂ ನೋಡಬೇಕು. ಒಂದು ಲೀಟರಿಗೆ ಆಗುವ ಅಸಲಿ ಒಆರ್‌ಎಸ್ ಪುಡಿಯ ಬೆಲೆ ಕಡಿಮೆ. ಅದು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆಗೆ ಮಿತಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಟೆಟ್ರಾ ಪ್ಯಾಕ್ 200 ಮಿಲಿಲೀಟರಿನದು, ಹಾಗಾಗಿ ಲೀಟರಿನ ಲೆಕ್ಕದಲ್ಲಿ ಹಲವು ಪಟ್ಟು ದುಬಾರಿ. ನೀರು ಕುದಿಸಿ ಆರಿಸಿ ಅಳೆಯುವ ರಗಳೆ ಇಲ್ಲ, ಮಕ್ಕಳು ರುಚಿಗೆ ಬೇಗ ಒಪ್ಪುತ್ತಾರೆ. ಮಾರುವವರಿಗೂ ಸುಲಭ, ಕುಡಿಸುವವರಿಗೂ ಸುಲಭ. ಗೊಂದಲ ಇಷ್ಟು ದಿನ ಬಾಳಿದ್ದಕ್ಕೆ ಈ ಅನುಕೂಲವೂ ಕಾರಣ. ಕಂಪನಿಯ ಮೇಲೊಂದೇ ಹೊರೆ ಹೊರಿಸಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಕಾನೂನು ಕಾಯುವುದು ಯಾವ ಗೊಂದಲವನ್ನು

ಇಲ್ಲಿ ಎರಡು ಥರದ ಗೊಂದಲಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಈ ಸರಕನ್ನು ಮಾಡಿದ್ದು ಯಾರು ಎಂಬ ಗೊಂದಲ. ಇನ್ನೊಂದು, ಈ ಸರಕು ಏನು ಎಂಬ ಗೊಂದಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಬಹುಮಟ್ಟಿಗೆ ಹುಟ್ಟಿರುವುದು ಮೊದಲನೆಯದನ್ನು ತಡೆಯಲು.

ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೇಸು ಇದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ. ‘ನಂಧಿನಿ ಡಿಲಕ್ಸ್’ ಹೋಟೆಲುಗಳು ಶುರುವಾಗಿದ್ದು 1989ರಲ್ಲಿ. ಹೋಟೆಲಿನವರು ಹೆಸರು ನೋಂದಾಯಿಸಲು ಹೊರಟಾಗ ಮಹಾಮಂಡಳ ಅಡ್ಡ ಬಂತು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರಲ್ಲಿ ಕೋರ್ಟು ಹೋಟೆಲಿನ ಪರ ತೀರ್ಪು ಕೊಟ್ಟಿತು. ಹಾಲೂ ಹೋಟೆಲ್ ಊಟವೂ ಬೇರೆ ಬೇರೆ, ಲೋಗೋ ನೋಡಲೂ ಬೇರೆ, ಜನ ಎರಡನ್ನೂ ಒಂದೇ ಅಂದುಕೊಳ್ಳುವುದಿಲ್ಲ ಎಂಬುದು ಅದರ ತರ್ಕ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರಿನ ನೋಂದಣಿ ಇಲ್ಲ. ಈ ಕೇಸಿನಲ್ಲಿ ಎರಡೂ ಕಡೆ ವಕೀಲರಿದ್ದರು, ಎರಡೂ ಕಡೆ ಹೆಸರಿಗೆ ವಾರಸುದಾರರಿದ್ದರು. ಗ್ರಾಹಕರ ಗೊಂದಲದ ಬಗ್ಗೆ ಚರ್ಚೆ ನಡೆಯಲು ಅಷ್ಟು ಬೇಕಾಗಿತ್ತು.

ಔಷಧಗಳ ವಿಷಯದಲ್ಲಿ ಕೋರ್ಟು ಇನ್ನೂ ಬಿಗಿ. 2001ರಲ್ಲಿ ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ನಡುವೆ ‘ಫಾಲ್ಸಿಗೊ’ ಮತ್ತು ‘ಫಾಲ್ಸಿಟ್ಯಾಬ್’ ಎಂಬ ಮಲೇರಿಯಾ ಔಷಧಗಳ ಜಗಳವಿತ್ತು. ಔಷಧದ ಹೆಸರು ಅದಲುಬದಲಾದರೆ ಜೀವಕ್ಕೇ ಕುತ್ತು, ಆದ್ದರಿಂದ ಇಲ್ಲಿ ಹೋಲಿಕೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಹಲವು ಭಾಷೆಗಳ ಈ ದೇಶದಲ್ಲಿ ಇಂಗ್ಲಿಷ್ ಹೆಸರುಗಳು ಎಲ್ಲರಿಗೂ ಸ್ಪಷ್ಟವಾಗುವುದಿಲ್ಲ ಎಂಬುದನ್ನೂ ಗಮನಕ್ಕೆ ತಗೊಂಡಿತು. ಈ ಮಾತು ಒಆರ್‌ಎಸ್ ಪ್ಯಾಕಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಲ್ವಾ? ಆದರೆ ಟೆಟ್ರಾ ಪ್ಯಾಕ್ ಪಾನೀಯಕ್ಕೆ ಲೈಸೆನ್ಸ್ ಸಿಕ್ಕಿದ್ದು ಆಹಾರವಾಗಿ, ಔಷಧವಾಗಿ ಅಲ್ಲ. ಜೊತೆಗೆ, ನನ್ನ ಹೆಸರು ಕದ್ದರು ಎಂದು ದೂರು ಕೊಡಲು ಒಆರ್‌ಎಸ್‌ಗೆ ಯಾವ ಕಂಪನಿಯೂ ಇರಲಿಲ್ಲ.

ಹಾಗಾಗಿ ಎರಡನೇ ಥರದ ಗೊಂದಲ ಪೂರ್ತಿ ಆಹಾರ ಪ್ರಾಧಿಕಾರದ ತಲೆಗೆ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುವ ಕೇಂದ್ರೀಯ ಪ್ರಾಧಿಕಾರವೂ ಇದೆ, ನಿಜ. ಆದರೆ ಈ ಹೆಸರಿನ ಸಮಸ್ಯೆಯನ್ನು ಎತ್ತಿ ತಳ್ಳಿದ್ದು ಮುಖ್ಯವಾಗಿ ಒಬ್ಬ ವೈದ್ಯೆ ಎಂಬುದೇ ವ್ಯವಸ್ಥೆಯಲ್ಲಿ ಎಲ್ಲಿ ತೂತಿದೆ ಎಂದು ತೋರಿಸುತ್ತದೆ.

ಕಂಪನಿಗಳು ಹೇಳುವುದೇನು

ಅವರ ವಾದವನ್ನು ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ಹೆಸರು ಹಳೆಯದು, ಟ್ರೇಡ್‌ಮಾರ್ಕ್ ಇದೆ. ಲೇಬಲ್ ಹೀಗೇ ಇರಲಿ ಎಂದು ಪ್ರಾಧಿಕಾರವೇ ಎರಡು ಬಾರಿ ಹೇಳಿತ್ತು, ಅದನ್ನು ನಂಬಿ ದುಡ್ಡು ಹಾಕಿದ್ದೇವೆ. ಈ ಪಾನೀಯ ಭೇದಿಗೆ ಎಂದು ನಾವು ಹೇಳಿಲ್ಲ. ಒಂದು ಮಾತೂ ಕೇಳದೆ ರಾತ್ರೋರಾತ್ರಿ ಅನುಮತಿ ಕಿತ್ತುಕೊಂಡರೆ ಹೇಗೆ?

ಕೊನೆಯ ಅಂಶದಲ್ಲಿ ತೂಕವಿದೆ. ಅಹವಾಲು ಕೇಳಿ ಎಂದು ಹೈಕೋರ್ಟು ಹೇಳಿದ್ದು ಅದಕ್ಕೇ. ಮೂರು ವರ್ಷದಲ್ಲಿ ಪ್ರಾಧಿಕಾರ ಬೇಡ, ಇರಲಿ, ಇರಲಿ, ಬೇಡ ಎಂದು ನಾಲ್ಕು ಸಲ ಮಾತಾಡಿದೆ. ಇದರಿಂದ ಕಂಪನಿಗಳು ಕಲಿತ ಪಾಠ ಒಂದೇ: ಕಾದು ನೋಡಿ, ಆದೇಶ ಮತ್ತೆ ಬದಲಾದೀತು. ನಿಯಮ ಮಾಡುವವರೇ ಅಲುಗಾಡಿದರೆ ಹೆಸರು ಬದಲಾಯಿಸಲು ಯಾರು ಆತುರ ತೋರಿಸುತ್ತಾರೆ?

ಆದರೆ ‘ಭೇದಿಗೆ ಎಂದು ನಾವು ಹೇಳಿಲ್ಲ’ ಎಂಬ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹೆಸರು ಆ ಕೆಲಸ ಮಾಡುತ್ತಿತ್ತು. ಹೆಸರಿಗೂ ಭೇದಿಗೂ ಸಂಬಂಧ ಇಲ್ಲ ಎಂದಾದರೆ ಆ ಮೂರು ಅಕ್ಷರ ಬಿಟ್ಟು ಬೇರೆ ಯಾವ ಹೆಸರಾದರೂ ನಡೆಯಬೇಕಿತ್ತು. ಕೋರ್ಟಿಗೆ ಹೋಗಿ ಉಳಿಸಿಕೊಳ್ಳುವಷ್ಟು ಅದಕ್ಕೆ ಬೆಲೆ ಇದೆ ಎಂದರೆ, ಆ ಬೆಲೆಯ ದೊಡ್ಡ ಪಾಲು ಬಂದಿದ್ದು ಅಸಲಿ ಒಆರ್‌ಎಸ್‌ನ ನಂಬಿಕೆಯಿಂದಲೇ.

ಬೇರೆ ಹೆಸರುಗಳು, ಬೇರೆ ಲೆಕ್ಕ

ಹಳೆ ಹೆಸರು ಉಳಿಸಿಕೊಂಡಿದ್ದೆಲ್ಲ ಮೋಸ ಅಂತಲ್ಲ. ಫಿಲಿಪ್ಸ್ ಕಂಪನಿ ತನ್ನ ಮನೆಬಳಕೆ ಉಪಕರಣಗಳ ವ್ಯವಹಾರವನ್ನು 2021ರಲ್ಲಿ ಹಿಲ್‌ಹೌಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಫಿಲಿಪ್ಸ್ ಹೆಸರು ಬಳಸಲು 15 ವರ್ಷದ ಹಕ್ಕನ್ನೂ ಜೊತೆಗೆ ಕೊಟ್ಟಿತು. ಬೆಂಗಳೂರಿನ ಬಿಪಿಎಲ್ ಹೆಸರಿನ ಟಿವಿ, ಫ್ರಿಜ್ಜುಗಳನ್ನು ಈಗ ಲೈಸೆನ್ಸ್ ಮೇಲೆ ರಿಲಯನ್ಸ್ ರೀಟೇಲ್ ಮಾರುತ್ತದೆ. ಕೊಳ್ಳುವವರಿಗೆ ಮಾಲೀಕರು ಬದಲಾದದ್ದು ಗೊತ್ತಿಲ್ಲದೆ ಇರಬಹುದು. ಆದರೆ ಟಿವಿ ಟಿವಿಯೇ, ಇಸ್ತ್ರಿ ಪೆಟ್ಟಿಗೆ ಇಸ್ತ್ರಿ ಪೆಟ್ಟಿಗೆಯೇ. ವಾರಂಟಿ ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿದುಕೊಂಡರೆ ಸಾಕು.

ಡಾಲ್ಡಾ ಇನ್ನೂ ವಿಚಿತ್ರ. ನಮ್ಮ ಊರುಗಳಲ್ಲಿ ಯಾವ ವನಸ್ಪತಿಯಾದರೂ ‘ಡಾಲ್ಡಾ’ನೇ. ವನಸ್ಪತಿಗೆ ಕೆಟ್ಟ ಹೆಸರು ಬಂದ ಮೇಲೂ 2003ರಲ್ಲಿ ಬಂಜ್ ಕಂಪನಿ ಈ ಬ್ರ್ಯಾಂಡನ್ನು ಕೊಂಡು, ಮುಂದೆ ಅದೇ ಹೆಸರಿನಲ್ಲಿ ಅಡುಗೆ ಎಣ್ಣೆ ಮಾರಿತು. ಜನರಿಗೆ ನೆನಪಿರುವ ಹೆಸರು ಕೆಟ್ಟದ್ದಾದರೂ, ನೆನಪೇ ಇಲ್ಲದ ಹೆಸರಿಗಿಂತ ವ್ಯಾಪಾರಕ್ಕೆ ವಾಸಿ ಎಂದಾಯಿತು.

ಒಆರ್‌ಎಸ್‌ಗೆ ಹತ್ತಿರದ ಉದಾಹರಣೆ ‘ಹೆಲ್ತ್ ಡ್ರಿಂಕ್’ ಗಲಾಟೆ. ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕಳಿಸಿತು. ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಎಂದಿತು. ಅದೇ ತಿಂಗಳು ಹಿಂದೂಸ್ತಾನ್ ಯೂನಿಲಿವರ್ ಹಾರ್ಲಿಕ್ಸ್‌ನ ವರ್ಗದ ಹೆಸರಿನಿಂದ ‘ಹೆಲ್ತ್’ ತೆಗೆದು ‘ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್ಸ್’ ಎಂದಿಟ್ಟಿತು. ಬ್ರ್ಯಾಂಡಿನ ಹೆಸರಿಗೆ ಕೈ ಹಾಕಬೇಕಾಗಲಿಲ್ಲ. ಹಾರ್ಲಿಕ್ಸ್ ಎಂಬುದು ಸಾಮಾನ್ಯ ಹೆಸರಲ್ಲ, ಅದು ಯಾವ ಔಷಧದ ಹೆಸರನ್ನೂ ಎರವಲು ಪಡೆದಿಲ್ಲ. ಒಆರ್‌ಎಸ್ ಹೆಸರಿನ ಪಾನೀಯಗಳಿಗೆ ಈ ಸುಲಭ ದಾರಿ ಇರಲಿಲ್ಲ. ಅಲ್ಲಿ ಗೊಂದಲ ಇದ್ದಿದ್ದೇ ಹೆಸರಿನೊಳಗೆ.

ಹೆಸರು ಬಿಡಲೇಬೇಕಾಗಿ ಬಂದಾಗಲೂ ಕಂಪನಿಗಳು ಪೂರ್ತಿ ಬಿಡುವುದಿಲ್ಲ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೋಗಿ ‘ಗ್ಲೋ ಅಂಡ್ ಲವ್ಲಿ’ ಬಂತು. ಒಂದು ಪದ ಬದಲಾಯಿತು, ಗುಲಾಬಿ ಬಣ್ಣದ ಟ್ಯೂಬು ಅಲ್ಲೇ ಉಳಿಯಿತು.

ಇನ್ನು ಮುಂದೆ

ಒಆರ್‌ಎಸ್ ವಿಷಯದಲ್ಲೂ ಇದೇ ಆಗುವ ಸಾಧ್ಯತೆ ಜಾಸ್ತಿ. ಆದೇಶ ತಡೆದಿರುವುದು ಮೂರು ಅಕ್ಷರಗಳನ್ನು. ಪ್ಯಾಕಿನ ಬಣ್ಣ, ಆಕಾರ, ಹಣ್ಣಿನ ಚಿತ್ರ, ಅಂಗಡಿಯಲ್ಲಿ ಇಡುವ ಜಾಗ ಇವನ್ನು ತಡೆದಿಲ್ಲ. ಹತ್ತಾರು ವರ್ಷ ಕಣ್ಣಿಗೆ ಕೂತ ಪ್ಯಾಕ್ ಹೊಸ ಹೆಸರಿನಲ್ಲಿ ಬಂದರೆ, ಕೌಂಟರಿನ ಹಿಂದಿರುವವರು ‘ಒಆರ್‌ಎಸ್’ ಕೇಳಿದಾಗ ಅದನ್ನೇ ಎತ್ತಿ ಕೊಡಬಹುದು. ಇದನ್ನು ಕೇಂದ್ರದ ಆದೇಶ ತಪ್ಪಿಸಲಾರದು. ರಾಜ್ಯಗಳ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಗಳಿಗೆ ಹೋಗಿ ನೋಡಬೇಕು, ಔಷಧ ವ್ಯಾಪಾರಿಗಳಿಗೆ ತಿಳಿಸಿ ಹೇಳಬೇಕು. ಎಲ್ಲ ಸಿಹಿ ಪಾನೀಯಗಳನ್ನೂ ಔಷಧದ ಕಪಾಟಿನಿಂದ ದೂರ ಇಡಿ ಎಂದು ಹೇಳುವ ನಿಯಮ ಬಂದರೆ ಹೆಸರಿನ ಆದೇಶಕ್ಕಿಂತ ಅದೇ ಹೆಚ್ಚು ಕೆಲಸ ಮಾಡೀತು.

ಇನ್ನೊಂದು ಕಡೆ ‘ಎಲೆಕ್ಟ್ರೊಲೈಟ್’ ಎಂಬ ಪದ ಜೋರಾಗಿ ಮೇಲೆ ಬರುತ್ತಿದೆ. ಅದು ಒಆರ್‌ಎಸ್‌ನಷ್ಟು ನಿಖರವಾದದ್ದಲ್ಲ. ಸ್ವಲ್ಪ ಉಪ್ಪಿನ ಅಂಶ ಇರುವ ಯಾವ ಪಾನೀಯವಾದರೂ ಆ ಪದ ಬಳಸಬಹುದು. ಡಾಕ್ಟರು ‘ಎಲೆಕ್ಟ್ರೊಲೈಟ್ ಕುಡಿಸಿ’ ಎಂದು ಬಾಯಿಮಾತಲ್ಲಿ ಹೇಳಲು ಶುರು ಮಾಡಿದರೆ ಹೊಸ ಗೊಂದಲಕ್ಕೆ ಬಾಗಿಲು ತೆರೆದಂತೆ.

ಸದ್ಯಕ್ಕೆ ಕೊಳ್ಳುವವರಿಗೆ ಒಂದು ಗುರುತು ಇದೆ. ಅಸಲಿ ಒಆರ್‌ಎಸ್ ಔಷಧ, ಆದ್ದರಿಂದ ಅದರ ಪ್ಯಾಕೆಟ್ ಮೇಲೆ ಔಷಧ ತಯಾರಿಕಾ ಲೈಸೆನ್ಸ್ ಸಂಖ್ಯೆ ಇರುತ್ತದೆ. ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಅದರ ಕೆಳಗೆ 14 ಅಂಕಿಯ ಸಂಖ್ಯೆ ಕಂಡರೆ ಅದು ಆಹಾರ, ಔಷಧವಲ್ಲ. ಪುಡಿ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಒಂದು ಲೀಟರಿನ ಪ್ಯಾಕೆಟ್ಟಾದರೆ ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಬೇಕು. ಅರ್ಧ ಪ್ಯಾಕೆಟ್ಟನ್ನು ಅಂದಾಜಿನಲ್ಲಿ ಒಂದು ಲೋಟಕ್ಕೆ ಸುರಿಯಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾಗಿದ್ದರೆ, ಕುಡಿಯಲು ಒಪ್ಪದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಯಾವ ಪ್ಯಾಕೆಟ್ಟನ್ನೂ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.